ಕ್ಲೆಮೆಂಟರ ಬಿಸಿಲು ಟೈಮ್‌ಟೇಬಲ್

"ತೊಂಬತ್ತು ದಿನ ನನ್ನ ಕೈಗೆ ಬಿಟ್ಬುಡಿ ಡಾಕ್ಟ್ರೇ. ಆಮೇಲೆ ಇವಳನ್ನ ನೀವೇ ಗುರುತು ಹಿಡಿಯಲ್ಲ."

ಜನವರಿಯಲ್ಲೊಂದು ಬೆಳಿಗ್ಗೆ ಕುವೆಂಪುನಗರದ ಕ್ಲಿನಿಕ್ಕಿನಲ್ಲಿ ಕ್ಲೆಮೆಂಟ್ ಹೀಗೆ ಎದೆ ತಟ್ಟಿಕೊಂಡು ಹೇಳಿದಾಗ ಅವರ ಮಗಳು ರೋಸ್ಲಿನ್ ನೆಲ ನೋಡುತ್ತಿದ್ದಳು. ಹೆಂಡತಿ ಫಿಲೋಮಿನಾ ಫ್ಯಾನು ನೋಡುತ್ತಿದ್ದರು. ನೋಡಬೇಕಾದ ರಿಪೋರ್ಟನ್ನು ನೋಡುತ್ತಿದ್ದವರು ಡಾಕ್ಟರ್ ಚಂದ್ರಮೌಳಿ ಒಬ್ಬರೇ.

ಕ್ಲೆಮೆಂಟ್ ಇಪ್ಪತ್ತೆರಡು ವರ್ಷದಿಂದ ವಿಮೆ ಏಜೆಂಟ್. ಹೃದಯದಿಂದ ಹರ್ನಿಯಾದವರೆಗೆ ಯಾವ ಕಾಯಿಲೆಯ ಹೆಸರು ಹೇಳಿದರೂ ಅದು ಫಾರಂನಲ್ಲಿ ಎಷ್ಟನೇ ಕಾಲಂಗೆ ಬರುತ್ತದೆ ಎಂದು ಕಣ್ಣು ಮುಚ್ಚಿಕೊಂಡು ಹೇಳಬಲ್ಲವರು. ದಟ್ಟಗಳ್ಳಿಯ ಅವರ ಬೀದಿಯಲ್ಲಿ ಯಾರಿಗಾದರೂ ಎದೆ ಹಿಡಿದುಕೊಂಡರೆ ಆಂಬುಲೆನ್ಸಿಗಿಂತ ಮೊದಲು ಅವರ ಸಲಹೆ ಬಂದು ನಿಲ್ಲುತ್ತಿತ್ತು. ಅಂಥವರಿಗೆ ಹದಿನಾರು ವರ್ಷದ ಸ್ವಂತ ಮಗಳ ರಿಪೋರ್ಟು ಯಾವ ದೊಡ್ಡ ವಿಷಯ?

ವಿಷಯ ಶುರುವಾದದ್ದು ಕತ್ತಿನಿಂದ. ರೋಸ್ಲಿನ್ ಮೊದಲನೇ ಪಿಯುಸಿ ಸೈನ್ಸು. ಸೂರ್ಯ ಹುಟ್ಟುವ ಮೊದಲೇ ಟ್ಯೂಷನ್ನಿಗೆ ಹೊರಟರೆ, ಅಲ್ಲಿಂದ ಕಾಲೇಜು, ಕಾಲೇಜಿನಿಂದ ಇನ್ನೊಂದು ಟ್ಯೂಷನ್ನು. ಮನೆಗೆ ಬರುವಷ್ಟರಲ್ಲಿ ಬೀದಿದೀಪ ಹತ್ತಿರುತ್ತಿತ್ತು. ಬೆಳಿಗ್ಗೆಯ ತಿಂಡಿ ಎಂದರೆ ಬೇಕರಿಯ ಪಫ್ಸು, ಮಧ್ಯಾಹ್ನದ ನಿದ್ದೆ ಓಡಿಸಲು ಒಂದು ಬಾಟಲಿ ಸಿಹಿ ಸೋಡಾ. ಸೂರ್ಯನನ್ನು ಅವಳು ಭೌತಶಾಸ್ತ್ರದ ಪುಸ್ತಕದಲ್ಲಿ ಮಾತ್ರ ನೋಡಿದ್ದಳು. ಈ ನಡುವೆ ಅವಳ ಕತ್ತಿನ ಹಿಂಭಾಗ ಕಪ್ಪಗಾಗುತ್ತ ಬಂತು. ಕ್ಲೆಮೆಂಟರ ತಾಯಿ ಅಂತೋಣಮ್ಮ ಅದನ್ನು ಕೊಳೆ ಎಂದೇ ತೀರ್ಮಾನಿಸಿ ಒಂದು ತಿಂಗಳು ಬಿಡದೆ ಕಡಲೆಹಿಟ್ಟು, ತೆಂಗಿನ ನಾರು ಹಾಕಿ ಉಜ್ಜಿದರು. "ಅದೆಂಗೆ ಮಗಾ ಇಷ್ಟು ಕೊಳೆ ಮಾಡ್ಕೊಂಡೆ? ಕಲ್ಲು ತೊಳ್ದಂಗೆ ತೊಳೀತಾ ಇವ್ನಿ, ಹೋಗ್ತಾನೇ ಇಲ್ಲ ಕಣೆ." ಕತ್ತು ಕೆಂಪಗಾಯಿತೇ ಹೊರತು ಕಪ್ಪು ಹೋಗಲಿಲ್ಲ. ಆಮೇಲೆ ಕಾಲುನೋವು ಶುರುವಾಯಿತು. ಪುಸ್ತಕದ ಮೇಲೆ ತಲೆಯಿಟ್ಟು ಮಲಗಿಬಿಡುವುದೂ ಹೆಚ್ಚಾಯಿತು. ಆಗ ಕರೆದುಕೊಂಡು ಹೋದದ್ದು ಡಾಕ್ಟರ ಹತ್ತಿರ.

"ಇದು ಕೊಳೆ ಅಲ್ಲಮ್ಮ," ಎಂದರು ಡಾಕ್ಟರ್, ಕತ್ತನ್ನು ನೋಡಿದ ಕೂಡಲೇ. "ಒಳಗೆ ಇನ್ಸುಲಿನ್ ಕಷ್ಟಪಡ್ತಾ ಇದ್ದಾಗ ಕೆಲವರ ಚರ್ಮ ಹೀಗೆ ಸೂಚನೆ ಕೊಡುತ್ತೆ. ರಕ್ತ ನೋಡೋಣ."

ನೋಡಿದರೆ ವಿಟಮಿನ್ ಡಿ ಒಂಬತ್ತು. ಮೂವತ್ತಾದರೂ ಇದ್ದರೆ ಚೆನ್ನ ಎಂದರು ಡಾಕ್ಟರ್. ಖಾಲಿ ಹೊಟ್ಟೆಯ ಸಕ್ಕರೆ ನೂರಹನ್ನೆರಡು, ನೂರರ ಒಳಗಿರಬೇಕಿತ್ತು.

"ಸಕ್ಕರೆ ಕಾಯಿಲೆ ಇನ್ನೂ ಬಂದಿಲ್ಲ. ಗೇಟಿನ ಹತ್ರ ನಿಂತಿದೆ. ಈಗ ಎಚ್ಚರಿಕೆ ತಗೊಂಡ್ರೆ ವಾಪಸ್ ಕಳಿಸ್ಬಹುದು. ಡಿ ಕಮ್ಮಿ ಆಗಿದ್ದಕ್ಕೇ ಸಕ್ಕರೆ ಏರ್ತು ಅಂತ ನಾನು ಹೇಳಲ್ಲ. ಆದ್ರೆ ಈ ವಯಸ್ಸಿನ ಮಕ್ಕಳಲ್ಲಿ ಈಗ ಎರಡೂ ಜೊತೆಜೊತೆಗೇ ಸಿಗ್ತಾ ಇವೆ. ಯಾಕೆ ಹೇಳಿ? ಕೂತಲ್ಲೇ ಕೂತಿರ್ತಾರೆ, ಕೋಣೆ ಬಿಟ್ಟು ಬರಲ್ಲ." ಡಾಕ್ಟರು ವಾರಕ್ಕೊಂದರಂತೆ ಎಂಟು ವಾರಕ್ಕೆ ಎಂಟು ಪೊಟ್ಟಣ ವಿಟಮಿನ್ ಡಿ ಪುಡಿ ಬರೆದುಕೊಟ್ಟರು. ದಿನಾ ತಗೋಬಾರದು ಎಂದು ಎರಡು ಸಲ ಹೇಳಿದರು. ಹನ್ನೊಂದರ ಮೇಲೆ ಇಪ್ಪತ್ತು ನಿಮಿಷ ಕೈಕಾಲಿಗೆ ಬಿಸಿಲು, ಅರ್ಧ ಗಂಟೆ ನಡಿಗೆ, ಬೆಳಿಗ್ಗೆ ಮೊಟ್ಟೆಯೋ ಕಾಳೋ ಇರುವ ತಿಂಡಿ, ಸಿಹಿ ಸೋಡಾಗೆ ಪೂರ್ತಿ ರಜೆ. ಮೂರು ತಿಂಗಳ ಮೇಲೆ ಮತ್ತೆ ರಕ್ತ ಪರೀಕ್ಷೆ.

ಆಗಲೇ ಕ್ಲೆಮೆಂಟ್ ಆ ತೊಂಬತ್ತು ದಿನದ ಮಾತಾಡಿದ್ದು.

ಮಾರನೆಯ ದಿನ ಬೆಳಗಾಗುವಷ್ಟರಲ್ಲಿ ಫ್ರಿಜ್ಜಿನ ಮೇಲೆ ಟೈಮ್‌ಟೇಬಲ್ ಅಂಟಿತ್ತು. ಮೂರು ಬಣ್ಣದ ಸ್ಕೆಚ್ ಪೆನ್ನು, ಸ್ಕೇಲಿನಲ್ಲಿ ಎಳೆದ ಗೆರೆ, ಕೆಳಗೆ ಕ್ಲೆಮೆಂಟರ ರುಜು. ಏಳುವುದು, ನಡೆಯುವುದು, ತಿನ್ನುವುದು ಎಲ್ಲಕ್ಕೂ ನಿಮಿಷ ನಿಗದಿಯಾಗಿತ್ತು. ಕಾಲೇಜಿರುವ ದಿನ ಮಧ್ಯಾಹ್ನದ ಬಿಡುವಿನಲ್ಲಿ ಮೈದಾನದ ಬಿಸಿಲು, ರಜೆಯ ದಿನ ಮನೆಯ ತಾರಸಿಯ ಬಿಸಿಲು. ಬಿಸಿಲಿನ ಹೊತ್ತಿನಲ್ಲಿ ಮೊಬೈಲು ಕಡ್ಡಾಯವಾಗಿ ಕೆಳಗೆ. ಅದು ಅಪ್ಪನಿಗೂ ಅನ್ವಯ ಎಂದು ಬ್ರಾಕೆಟ್ಟಿನಲ್ಲಿ ಬರೆದು ತಮ್ಮ ನಿಷ್ಪಕ್ಷಪಾತವನ್ನೂ ಸಾರಿದ್ದರು.

ಫಿಲೋಮಿನಾ ಹೈಸ್ಕೂಲಿನಲ್ಲಿ ಹಿಂದಿ ಮೇಡಂ. ಏನನ್ನು ಓದಿದರೂ ತಪ್ಪು ಹುಡುಕುವುದು ಅವರಿಗೆ ರೂಢಿ.

"ರೀ, ಇದರಲ್ಲಿ ಬೇಕರಿ ಬಂದ್, ಸ್ವೀಟ್ ಬಂದ್ ಅಂತೆಲ್ಲ ಇದೆ. ನಿಮ್ಮ ಹೆಸರು ಎಲ್ಲೂ ಕಾಣಿಸ್ತಾ ಇಲ್ವಲ್ಲ."

"ನಾನು ಮೇಲ್ವಿಚಾರಕ ಕಣೇ."

"ಮೇಲ್ವಿಚಾರಕರು ನಿನ್ನೆ ಯಾರ ಮನೇಲಿ ಎಷ್ಟು ಟೀ ಕುಡಿದ್ರಿ?"

"ಅದು ಡ್ಯೂಟಿ. ಪಾಲಿಸಿ ಮಾಡ್ಸೋರ ಮನೇಲಿ ಟೀ ಬೇಡ ಅಂದ್ರೆ ಅವ್ರು ಪಾಲಿಸಿ ಬೇಡ ಅಂತಾರೆ."

ಕ್ಲೆಮೆಂಟರ ಡ್ಯೂಟಿ ದಿನಕ್ಕೆ ಏಳೆಂಟು ಟೀಯದು. ಟೀ ಜೊತೆ ತಟ್ಟೆಯಲ್ಲಿ ಬಂದ ಮೈಸೂರುಪಾಕನ್ನೂ ಅವರು ಡ್ಯೂಟಿಗೇ ಸೇರಿಸಿಕೊಂಡಿದ್ದರು. ಅದನ್ನು ತಿನ್ನುತ್ತಲೇ ಆ ಮನೆಯ ಮಕ್ಕಳಿಗೆ ಸಕ್ಕರೆ ಎಷ್ಟು ಕೆಟ್ಟದ್ದು ಎಂದು ಹತ್ತು ನಿಮಿಷ ಬೋಧಿಸಿ ಬರುತ್ತಿದ್ದರು. ಈಚೆಗೆ ಬೆಲ್ಟಿಗೆ ಎರಡು ಹೊಸ ತೂತು ಕೊರೆಸಿದ್ದರು. "ನೋಡಿ, ಮಗಳ ಜೊತೆ ನಾಲ್ಕು ದಿನ ತಾರಸಿ ಹತ್ತಿ ಇಳಿದದ್ದಕ್ಕೇ ಎಂಟು ಕೆಜಿ ಕರಗ್ತು," ಎಂದು ಸಿಕ್ಕಿದವರಿಗೆಲ್ಲ ಹೊಟ್ಟೆ ತಟ್ಟಿ ತೋರಿಸುತ್ತಿದ್ದರು. ಎರಡು ಸೈಟಿನ ಆಚೆ ಮನೆಯ ಏಕಾಂತಯ್ಯ, ನಿವೃತ್ತ ಹೆಡ್‌ಮಾಸ್ಟರು, ಈ ಬಿಸಿಲು ಚಿಕಿತ್ಸೆಯ ವಿವರವನ್ನು ಹಾಲಿನ ಬೂತಿನ ಮುಂದೆ ಕನಿಷ್ಠ ಹದಿನೈದು ಸಲ ಕೇಳಿಸಿಕೊಂಡಿದ್ದರು.

ಇಷ್ಟೆಲ್ಲದರ ನಡುವೆ ರೋಸ್ಲಿನ್ ಮಾತ್ರ ಒಂದು ಮಾತೂ ಎದುರಾಡದೆ ಹೇಳಿದ್ದನ್ನೆಲ್ಲ ಮಾಡುತ್ತಿದ್ದಳು. ಮೊದಲನೇ ವಾರ ಗೆಳತಿಯ ಹುಟ್ಟುಹಬ್ಬದ ಕೇಕನ್ನು ಕೈಯಲ್ಲಿ ಹಿಡಿದುಕೊಂಡು ಮನೆಗೆ ಬಂದು ಅಜ್ಜಿಯ ಕೋಣೆಯ ಕಿಟಕಿಯಲ್ಲಿ ಇರುವೆಗಳಿಗೆ ಇಟ್ಟಳು. ಕ್ಲೆಮೆಂಟ್ ಅದನ್ನು ತಮ್ಮ ಆಡಳಿತದ ಯಶಸ್ಸು ಎಂದುಕೊಂಡರು.

ಏಪ್ರಿಲ್ ಎರಡನೇ ಶನಿವಾರ ಬಂತು. ಸೋಮವಾರ ರಕ್ತ ಪರೀಕ್ಷೆ. ಫಿಲೋಮಿನಾ ಬೆಳಿಗ್ಗೆಯೇ ಎಸ್ಸೆಸ್ಸೆಲ್ಸಿ ಉತ್ತರಪತ್ರಿಕೆ ತಿದ್ದಲು ಹೊರಟರು. ರೋಸ್ಲಿನ್‌ಗೆ ಪರೀಕ್ಷೆ ಮುಗಿದು ರಜೆ.

"ಇವತ್ತು ಇಪ್ಪತ್ತು ನಿಮಿಷ ಸಾಲಲ್ಲ," ಎಂದರು ಕ್ಲೆಮೆಂಟ್. "ನಲವತ್ತೈದು ನಿಮಿಷ ಬಿಸಿಲು, ಜೊತೆಗೆ ಸ್ಕಿಪ್ಪಿಂಗ್. ಒಂದೇ ಏಟಿಗೆ ಎರಡೂ ಸರಿ ಹೋಗ್ಬೇಕು."

"ಅಪ್ಪ, ಡಾಕ್ಟ್ರು ಇಪ್ಪತ್ತು ಅಂದಿದ್ದು."

"ಡಾಕ್ಟ್ರು ಸಾಮಾನ್ಯ ಜನಕ್ಕೆ ಹೇಳಿದ್ದು."

ಮೊಬೈಲುಗಳೆರಡನ್ನೂ ಫ್ರಿಜ್ಜಿನ ಮೇಲಿಟ್ಟು, ಅಪ್ಪ ಮಗಳು ಹನ್ನೊಂದಕ್ಕೆ ಸರಿಯಾಗಿ ತಾರಸಿ ಹತ್ತಿದರು. ಅಂತೋಣಮ್ಮ ಆಗ ಬಚ್ಚಲಲ್ಲಿದ್ದರು. ತಾರಸಿಯ ಒಂದು ಮೂಲೆಯಲ್ಲಿ ಅವರು ಹಳೆಯ ಪಂಚೆಯ ಮೇಲೆ ಇಟ್ಟ ಅಕ್ಕಿ ಸಂಡಿಗೆ ಒಣಗುತ್ತಿತ್ತು. ಹಿಂದಿನ ಬೀದಿಯಲ್ಲಿ ಯಾರೋ ಬೋರ್‌ವೆಲ್ ಕೊರೆಸುತ್ತಿದ್ದರು. ಆ ಸದ್ದಿಗೆ ಪಕ್ಕದಲ್ಲಿ ನಿಂತವರ ಮಾತೂ ಕೇಳುತ್ತಿರಲಿಲ್ಲ. ಗಾಳಿಗೆ ಹೊಡೆದುಕೊಳ್ಳುತ್ತಿದ್ದ ಮೆಟ್ಟಿಲ ತುದಿಯ ಕಬ್ಬಿಣದ ಬಾಗಿಲನ್ನು ಕ್ಲೆಮೆಂಟ್ ಎಳೆದು ಮುಚ್ಚಿದರು.

ರೋಸ್ಲಿನ್ ಹಗ್ಗ ಹಿಡಿದು ಕುಣಿಯತೊಡಗಿದಳು. ಹುರಿದುಂಬಿಸಲು ಕ್ಲೆಮೆಂಟರೂ ಹಗ್ಗವಿಲ್ಲದೆ ಜೊತೆಗೆ ಕುಣಿದರು.

ಇತ್ತ ಸ್ನಾನ ಮುಗಿಸಿ ಬಂದ ಅಂತೋಣಮ್ಮನ ತಲೆಯ ಮೇಲೆ ಧುಪ್ ಧುಪ್ ಎಂದು ಸದ್ದಾಯಿತು. ಹಿಂದಿನ ವಾರ ಕೋತಿಗಳ ಹಿಂಡು ಬಂದು ಒಂದು ಪಂಚೆ ಸಂಡಿಗೆಯನ್ನೂ ಫಿಲೋಮಿನಾರ ಹೊಸ ನೈಟಿಯನ್ನೂ ಹೊತ್ತುಕೊಂಡು ಹೋಗಿದ್ದವು. ಮಗ ಮೊಮ್ಮಗಳು ನಡೆಯಲು ಹೋಗಿರಬೇಕು ಎಂದುಕೊಂಡಿದ್ದ ಮುದುಕಿಗೆ ಅನುಮಾನವೇ ಉಳಿಯಲಿಲ್ಲ. ಸಂಡಿಗೆ ಹೋದರೆ ಹೋಗಲಿ, ಮನೆಯೊಳಗೆ ಬರದಿದ್ದರೆ ಸಾಕು ಎಂದು ಕೋಲೂರಿಕೊಂಡು ಮೆಟ್ಟಿಲು ಹತ್ತಿ, ಬಾಗಿಲಿನ ಈಚೆಯಿಂದ ಚಿಲಕ ಜಡಿದು, ಅದಕ್ಕೊಂದು ಕೊಡೆಯನ್ನೂ ಸಿಕ್ಕಿಸಿ ಇಳಿದರು.

ನಲವತ್ತೈದು ನಿಮಿಷ ಆಯಿತು. ಕ್ಲೆಮೆಂಟ್ ಬೆವರೊರೆಸಿಕೊಂಡು ಬಾಗಿಲು ತಳ್ಳಿದರು. ಅಲುಗಲಿಲ್ಲ.

"ಬಿಸಿಲಿಗೆ ಕಬ್ಬಿಣ ಹಿಗ್ಗಿದೆ," ಎಂದರು.

ರೋಸ್ಲಿನ್ ಬಾಗಿಲ ಸಂದಿಯಲ್ಲಿ ಕಣ್ಣಿಟ್ಟು ನೋಡಿದಳು. "ಹಿಗ್ಗಿಲ್ಲ ಅಪ್ಪ. ಆ ಕಡೆಯಿಂದ ಚಿಲಕ ಹಾಕಿದೆ. ಅಜ್ಜಿಯ ಕೊಡೆಯೂ ಇದೆ."

ಕ್ಲೆಮೆಂಟ್ ಬಾಗಿಲನ್ನು ಗುದ್ದಿದರು, ಒದ್ದರು, ಭುಜ ಕೊಟ್ಟು ನೂಕಿದರು. ಕೆಳಗೆ ಅಂತೋಣಮ್ಮನಿಗೆ ಬೋರ್‌ವೆಲ್ಲಿನ ಸದ್ದಿನ ನಡುವೆ ಕೇಳಿಸಿದ್ದು ಕೋತಿಗಳು ಬಾಗಿಲು ಮುರಿಯುವ ಸದ್ದು. ಅವರು ಶಿಲುಬೆಯ ಗುರುತು ಹಾಕಿಕೊಂಡು, ಮನೆಗೆ ಬೀಗ ಹಾಕಿ, ಮುಂದಿನ ಬೀದಿಯ ಪ್ರಾರ್ಥನೆ ಕೂಟಕ್ಕೆ ಒಂದು ಗಂಟೆ ಮುಂಚಿತವಾಗಿಯೇ ಹೊರಟುಬಿಟ್ಟರು.

ತಾರಸಿಯ ಗೋಡೆಯಂಚಿಗೆ ಓಡಿದ ಕ್ಲೆಮೆಂಟರಿಗೆ ಬೀದಿಯಲ್ಲಿ ತಲೆ ಮೇಲೆ ಸೆರಗು ಹೊದ್ದು ನಡೆಯುತ್ತಿದ್ದ ತಾಯಿ ಕಾಣಿಸಿದರು.

"ಅಮ್ಮಾ... ಏ ಅಮ್ಮಾ..."

ಮೇಲಿನಿಂದ ಏನೋ ಕಿರುಚಿದಂತಾಯಿತೇ ಹೊರತು ಮಾತು ತಿಳಿಯಲಿಲ್ಲ. ಸಕ್ಕರೆ ಕಾಯಿಲೆಯಿಂದ ಹೆಬ್ಬೆರಳು ಕಳೆದುಕೊಂಡಿದ್ದ ಕಾಲಿನಲ್ಲೂ ಅಂತೋಣಮ್ಮ ಎಷ್ಟು ಬಿರುಸಾಗಿ ನಡೆಯಬಲ್ಲರು ಎಂಬುದು ಆ ಬೀದಿಗೆ ಅಂದೇ ಗೊತ್ತಾದದ್ದು.

"ಹೆದರ್ಬೇಡ," ಎಂದರು ಕ್ಲೆಮೆಂಟ್, ಹೆದರದೆ ನಿಂತಿದ್ದ ಮಗಳಿಗೆ. "ಏಕಾಂತಯ್ಯನವರು ಇದ್ದಾರಲ್ಲ."

ನಿಜಕ್ಕೂ ಇದ್ದರು. ಎರಡು ಖಾಲಿ ಸೈಟಿನ ಆಚೆ ತಮ್ಮ ತಾರಸಿಯಲ್ಲಿ ಹಣೆ ತುಂಬ ವಿಭೂತಿ ಹಚ್ಚಿಕೊಂಡು ಒಣಗಿದ ಬಟ್ಟೆ ತೆಗೆಯುತ್ತಿದ್ದರು. ಕ್ಲೆಮೆಂಟ್ ಎರಡೂ ಕೈ ಮೇಲೆತ್ತಿ ಜೋರಾಗಿ ಬೀಸಿದರು. ಮೂರು ತಿಂಗಳಿಂದ ಬಿಸಿಲು ಚಿಕಿತ್ಸೆಯ ಬಗ್ಗೆ ಕೇಳುತ್ತ ಬಂದಿದ್ದ ಹೆಡ್‌ಮಾಸ್ಟರಿಗೆ ಅದನ್ನು ಕಣ್ಣಾರೆ ಕಂಡು ಸಂತೋಷವಾಯಿತು. ಬಟ್ಟೆ ಕೆಳಗಿಟ್ಟು ತಾವೂ ಎರಡೂ ಕೈ ಮೇಲೆತ್ತಿ ಬೀಸಿದರು. ಅದಲ್ಲ ಎಂದು ತಿಳಿಸಲು ಕ್ಲೆಮೆಂಟ್ ಕೈಗಳನ್ನು ಅಡ್ಡಡ್ಡ ಆಡಿಸಿದರು. ಏಕಾಂತಯ್ಯನವರೂ ಶ್ರದ್ಧೆಯಿಂದ ಅಡ್ಡಡ್ಡ ಆಡಿಸಿದರು. ತಡೆಯಲಾರದೆ ಕ್ಲೆಮೆಂಟ್ ನಿಂತಲ್ಲೇ ಎಗರಿ ಎಗರಿ ಬಾಗಿಲ ಕಡೆ ತೋರಿಸಿದರು. ಇದು ಮಾತ್ರ ತಮ್ಮಿಂದಾಗದು ಎಂದು ಏಕಾಂತಯ್ಯ ಮಂಡಿ ಮುಟ್ಟಿ ತೋರಿಸಿ, ಕೈಮುಗಿದು, ಬಟ್ಟೆ ಎತ್ತಿಕೊಂಡು ಕೆಳಗಿಳಿದರು.

ರೋಸ್ಲಿನ್ ನಗು ತಡೆಯಲಾರದೆ ನೀರಿನ ಟ್ಯಾಂಕಿಗೆ ಒರಗಿ ಕೂತಳು.

"ನಗೋ ವಿಷಯ ಅಲ್ಲ ಇದು. ನಾನು ಪೈಪ್ ಹಿಡ್ಕೊಂಡು ಇಳೀತೀನಿ," ಎಂದು ಕ್ಲೆಮೆಂಟ್ ಗೋಡೆಯ ಆಚೆ ಒಂದು ಕಾಲು ಹಾಕಿದರು. ಕೆಳಗೆ ನೋಡಿದರು. ಸ್ವಲ್ಪ ಹೊತ್ತು ಹಾಗೇ ಇದ್ದು ಕಾಲನ್ನು ವಾಪಸು ತಂದುಕೊಂಡರು. "ಪೈಪು ಗಟ್ಟಿ ಇಲ್ಲ."

"ಪೈಪು ಗಟ್ಟಿಯಾಗೇ ಇದೆ ಅಪ್ಪ."

ಟ್ಯಾಂಕಿನ ನೆರಳು ಒಂದು ಮಾರು ಅಗಲವಿತ್ತು. ಅದರಲ್ಲಿ ಅಪ್ಪ ಮಗಳು ಒತ್ತಿಕೊಂಡು ಕೂತರು. ಗಿಡಕ್ಕೆ ನೀರು ಹಾಕಲೆಂದು ಟ್ಯಾಂಕಿಗೆ ಒಂದು ನಲ್ಲಿ ಇಟ್ಟಿದ್ದರು. ಅದರ ನೀರು ಸ್ನಾನಕ್ಕೆ ಹದವಾಗುವಷ್ಟು ಬಿಸಿಯಿತ್ತು. ಕ್ಲೆಮೆಂಟ್ ಅದನ್ನೇ ಬೊಗಸೆ ಬೊಗಸೆ ಕುಡಿದರು. ಐದು ನಿಮಿಷಕ್ಕೆ ಮತ್ತೆ ಎದ್ದು ಕುಡಿದರು. ಆಮೇಲೆ "ನೀನು ಸ್ವಲ್ಪ ಆ ಕಡೆ ತಿರುಗಮ್ಮ" ಎಂದು ಟ್ಯಾಂಕಿನ ಹಿಂದೆ ಹೋದರು. ಅಲ್ಲಿ ಮಳೆನೀರು ಇಳಿದು ಹೋಗುವ ಕೊಳವೆಯ ಬಾಯಿತ್ತು. ಬಂದು ಕೈತೊಳೆದು, ನಾಲ್ಕು ಬೊಗಸೆ ನೀರು ಸುರಿದು, ಮತ್ತೆ ಕುಡಿದರು. ಸ್ವಲ್ಪ ಸ್ವಲ್ಪ ಹೊತ್ತಿಗೆ ಎರಡು ಸಲ ಮತ್ತೆ "ಆ ಕಡೆ ತಿರುಗಮ್ಮ" ಎಂದರು.

"ಅಪ್ಪ, ಇದು ಮೂರನೇ ಸಲ," ಎಂದಳು ರೋಸ್ಲಿನ್, ಗೋಡೆಯ ಕಡೆ ಮುಖ ಮಾಡಿಕೊಂಡೇ.

"ಬಿಸಿಲಿಗೆ ಹಾಗಾಗುತ್ತೆ."

"ಬಿಸಿಲಿಗೆ ಬೆವರು ಹೋಗುತ್ತೆ. ಇದು ಕಮ್ಮಿ ಆಗ್ಬೇಕು. ನಾನು ಒಂದು ಸಲಾನೂ ಹೋಗಿಲ್ಲ ನೋಡಿ."

ಕ್ಲೆಮೆಂಟ್ ಬಂದು ಕೂತರು. ಮಗಳು ಅವರ ಕಡೆಗೆ ಪೂರ್ತಿ ತಿರುಗಿದಳು. ಚಿಕ್ಕಂದಿನಿಂದ ಅಪ್ಪ ಊಟದ ಮೇಜಿನ ಮೇಲೆ ಫಾರಂ ಹರಡಿಕೊಂಡು ಫೋನಿನಲ್ಲಿ ಕೇಳುತ್ತಿದ್ದ ಪ್ರಶ್ನೆಗಳು ಅವಳಿಗೆ ಬಾಯಿಪಾಠವಾಗಿದ್ದವು.

"ಅತಿಯಾದ ಬಾಯಾರಿಕೆ ಇದೆಯಾ?"

"ಏನೇ ಇದು?"

"ಹೇಳಿ ಅಪ್ಪ. ಅತಿಯಾದ ಬಾಯಾರಿಕೆ ಇದೆಯಾ?"

"ಬೇಸಿಗೆ ಕಣಮ್ಮ, ಎಲ್ರಿಗೂ ಇರುತ್ತೆ."

"ರಾತ್ರಿ ಮೂತ್ರಕ್ಕೆ ಎಷ್ಟು ಸಲ ಏಳ್ತೀರ? ನಾನೇ ಹೇಳ್ತೀನಿ, ನಾಲ್ಕು ಸಲ. ಪ್ರತಿ ಸಲ ನಿಮ್ಮ ಚಪ್ಪಲಿ ಸದ್ದಾಗುತ್ತೆ. ಈಚೆಗೆ ಪ್ರಯತ್ನ ಇಲ್ಲದೆ ತೂಕ ಇಳಿದಿದೆಯಾ?"

"ಪ್ರಯತ್ನ ಇಲ್ಲದೆ ಏನು, ನಾನು ಮೆಟ್ಟಿಲು..."

"ನಾಲ್ಕು ದಿನ ಮೆಟ್ಟಿಲು ಹತ್ತಿದ್ರೆ ಎಂಟು ಕೆಜಿ ಇಳಿಯಲ್ಲ ಅಪ್ಪ. ಇಳಿಯೋದಾಗಿದ್ರೆ ನಂದು ಇಳೀಬೇಕಿತ್ತು. ಗಾಯ ಆದ್ರೆ ಬೇಗ ಮಾಯುತ್ತಾ?"

ಕ್ಲೆಮೆಂಟ್ ಪ್ಯಾಂಟಿನ ಅಂಚನ್ನು ಮೆಲ್ಲಗೆ ಕೆಳಗೆಳೆದುಕೊಂಡರು. ಸ್ಕೂಟರಿನ ಸ್ಟ್ಯಾಂಡ್ ತಾಗಿದ ಗಾಯ ಕಣಕಾಲಿನಲ್ಲಿ ಆರು ವಾರದಿಂದ ಹಾಗೇ ಇತ್ತು.

"ತಂದೆ ತಾಯಿಯಲ್ಲಿ ಯಾರಿಗಾದ್ರೂ ಸಕ್ಕರೆ ಕಾಯಿಲೆ ಇದೆಯಾ?"

"ಎಲ್ಲದಕ್ಕೂ 'ಇಲ್ಲ' ಅಂತ ಹಾಕ್ಬುಡು," ಎಂದರು ಕ್ಲೆಮೆಂಟ್. ಪಾಲಿಸಿ ಮಾಡಿಸುವವರಿಗೆ ಇಪ್ಪತ್ತೆರಡು ವರ್ಷ ಹೇಳಿದ ಅಭ್ಯಾಸ, ಬಾಯಿಗೆ ತಾನಾಗಿಯೇ ಬಂದುಬಿಟ್ಟಿತು.

ರೋಸ್ಲಿನ್ ನಗಲಿಲ್ಲ. "ಅಜ್ಜಿಯ ಬೆರಳು ತೆಗೆದಾಗ ನಾನು ನಾಲ್ಕನೇ ಕ್ಲಾಸು. ಬ್ಯಾಂಡೇಜ್ ಬಿಚ್ಚುವಾಗ ನೋಡಿದ್ದೆ. ಆ ಡಾಕ್ಟ್ರು ಗೇಟಿನ ಹತ್ರ ನಿಂತಿದೆ ಅಂದ್ರಲ್ಲ, ಅವತ್ತಿನಿಂದ ದಿನಾ ಸ್ನಾನ ಮಾಡೋವಾಗ ನನ್ನ ಬೆರಳು ಎಣಿಸ್ಕೋತೀನಿ. ನೀವು ಟೈಮ್‌ಟೇಬಲ್ ಹಾಕಿದ್ರಿ ಅಂತ ಅಲ್ಲ ಅಪ್ಪ ನಾನು ಕೇಕ್ ಬಿಟ್ಟಿದ್ದು. ಭಯಕ್ಕೆ. ಈಗ ನಿಮ್ಮದನ್ನೂ ಎಣಿಸ್ತಾ ಕೂರೋದಕ್ಕೆ ನನ್ನ ಕೈಲಾಗಲ್ಲ."

ಬೋರ್‌ವೆಲ್ಲಿನವರು ಊಟಕ್ಕೆಂದು ಯಂತ್ರ ನಿಲ್ಲಿಸಿದರು. ಕ್ಲೆಮೆಂಟ್ ಮಗಳ ತಲೆಯ ಮೇಲೆ ಕೈಯಿಟ್ಟರು. ತಲೆ ಕಾದ ಹೆಂಚಿನಂತಿತ್ತು. ಎದ್ದು ಸಂಡಿಗೆಯನ್ನೆಲ್ಲ ಒಂದು ಮೂಲೆಗೆ ಸುರಿದು, ಆ ಪಂಚೆಯನ್ನು ನಲ್ಲಿಯಲ್ಲಿ ನೆನೆಸಿ ಅವಳ ತಲೆಗೆ ಹೊದಿಸಿದರು. ಆಮೇಲೆ, "ಇನ್ನೊಂದು ಸಲ ಆ ಕಡೆ ತಿರುಗಮ್ಮ," ಎಂದರು ಸಣ್ಣ ದನಿಯಲ್ಲಿ.

ಅವರಿಬ್ಬರನ್ನು ಕಾಪಾಡಿದ್ದು ಆ ನಾಲ್ಕನೇ ಸಲವೇ. ಪ್ರಾರ್ಥನೆ ಮುಗಿಸಿ ಒಂದೂವರೆಗೆ ಬಂದ ಅಂತೋಣಮ್ಮ ಗೇಟು ತೆಗೆಯುತ್ತಿದ್ದಾಗ, ಮಳೆಯ ಸುಳಿವೇ ಇಲ್ಲದ ಆಕಾಶದ ಕೆಳಗೆ ಮಳೆನೀರಿನ ಕೊಳವೆಯಿಂದ ನೀರು ಬೀಳುತ್ತಿತ್ತು.

"ಅಯ್ಯೋ, ಟ್ಯಾಂಕು ತುಂಬಿ ಹರೀತಾ ಅದಲ್ಲಪ್ಪ. ಮೋಟ್ರು ಆಫ್ ಮಾಡ್ದೆ ಹೋಗ್ಬುಟ್ರಾ?" ಎಂದು ಗೊಣಗುತ್ತ ಬಂದು ನೋಡಿದರೆ ಮೋಟಾರು ಆಫ್ ಆಗಿಯೇ ಇತ್ತು. ಹಾಗಾದರೆ ಕೋತಿಗಳು ನಲ್ಲಿ ತಿರುಗಿಸಿರಬೇಕು. ಕೋಲನ್ನು ಬಲವಾಗಿ ಹಿಡಿದು, ಮೆಟ್ಟಿಲು ಹತ್ತಿ, ಕೊಡೆ ತೆಗೆದು, ಚಿಲಕ ಸರಿಸಿ, ಬಾಗಿಲು ತೆರೆದ ಕೂಡಲೇ ಎದುರಿಗೆ ಬಂದ ಮೊದಲ ಕೋತಿಯ ಹೆಗಲಿಗೆ ಒಂದು ಬಾರಿಸಿದರು.

"ಅಮ್ಮ, ನಾನು ಕಣೇ."

"ನೀನಾ? ನೀನ್ಯಾಕೋ ಕುಣೀತಿದ್ದೆ?"

ಕೆಳಗಿಳಿದವರೇ ಕ್ಲೆಮೆಂಟ್ ಸೋಫಾದ ಮೇಲೆ ಒರಗಿ ಹಣೆಗೆ ಒದ್ದೆ ಬಟ್ಟೆ ಹಾಕಿಕೊಂಡು ಕಣ್ಣು ಮುಚ್ಚಿದರು. ಮುಖ, ಕತ್ತು, ಬೊಕ್ಕತಲೆ ಎಲ್ಲ ಬ್ಯಾಡಗಿ ಮೆಣಸಿನಕಾಯಿಯ ಬಣ್ಣಕ್ಕೆ ತಿರುಗಿದ್ದವು. ರೋಸ್ಲಿನ್ ಅಜ್ಜಿಯ ಕಿವಿಯಲ್ಲಿ ಏನೋ ಹೇಳಿದಳು. ಅಂತೋಣಮ್ಮ ತಮ್ಮ ಕೋಣೆಯಿಂದ ಸಕ್ಕರೆ ನೋಡುವ ಪುಟ್ಟ ಮೆಷಿನ್ನು ತಂದರು. ಮೂವತ್ತು ವರ್ಷದ ಅನುಭವದ ಕೈ. ಕ್ಲೆಮೆಂಟ್ ಕಣ್ಣು ಬಿಡುವ ಮೊದಲೇ ಬೆರಳು ಒರೆಸಿ ಚುಚ್ಚಿ ರಕ್ತದ ಹನಿ ತೆಗೆದಾಗಿತ್ತು.

ಇನ್ನೂರ ಎಂಬತ್ತಾರು.

"ಮೆಷಿನ್ ಹಳೇದು," ಎಂದರು ಕ್ಲೆಮೆಂಟ್, ಬೆರಳು ಬಾಯಲ್ಲಿಟ್ಟುಕೊಂಡು.

ಅಂತೋಣಮ್ಮ ತಮ್ಮ ಬೆರಳನ್ನೂ ಚುಚ್ಚಿಕೊಂಡು ತೋರಿಸಿದರು. ನೂರ ಮೂವತ್ತೆಂಟು. "ನಂಗೆ ಸರಿಯಾಗೇ ತೋರಿಸ್ತದೆ ಕಣಪ್ಪ."

ಸಂಜೆ ಬಂದ ಫಿಲೋಮಿನಾ, ಲೋಳೆಸರ ಬಳಿದುಕೊಂಡು ಅಕ್ಕಪಕ್ಕ ಕೂತಿದ್ದ ಎರಡು ಕೆಂಪು ಮುಖಗಳನ್ನು ನೋಡಿ ಚೀಲ ಕೆಳಗಿಟ್ಟರು.

"ಡಾಕ್ಟ್ರು ಇಪ್ಪತ್ತು ನಿಮಿಷ ಅಂದಿದ್ರು ಅಲ್ವಾ?"

"ಮಿಕ್ಕಿದ್ದು ಅಡ್ವಾನ್ಸು," ಎಂದರು ಕ್ಲೆಮೆಂಟ್. ಆದರೆ ಆ ಮಾತಿನಲ್ಲಿ ಎಂದಿನ ಗತ್ತಿರಲಿಲ್ಲ. ಮಗಳು ನಡೆದದ್ದನ್ನೆಲ್ಲ ಹೇಳಿ ಮುಗಿಸಿದ ಮೇಲೆ ಫಿಲೋಮಿನಾ ಬೈಯಲಿಲ್ಲ. ಒಳಗೆ ಹೋಗಿ ಸ್ವಲ್ಪ ಹೊತ್ತು ಮುಖ ತೊಳೆದುಕೊಂಡು ಬಂದರು. "ಸೋಮವಾರ ಇಬ್ಬರೂ ಲ್ಯಾಬಿಗೆ ಹೋಗ್ತೀರಿ," ಎಂದಷ್ಟೇ ಹೇಳಿದರು. ಆ ಭಾನುವಾರ ಚರ್ಚಿನ ಪೂಜೆ ಮುಗಿಸಿ ಬಂದವರು ಗಂಡನ ಕಾಲಿನ ಗಾಯಕ್ಕೆ ತಾವೇ ಕೂತು ಔಷಧಿ ಹಚ್ಚಿದರು. ಕ್ಲೆಮೆಂಟರಿಗೆ ಬೈಗುಳಕ್ಕಿಂತ ಅದೇ ಹೆಚ್ಚು ಭಯ ಹುಟ್ಟಿಸಿತು.

ಸೋಮವಾರ ಬೆಳಿಗ್ಗೆ ರೋಸ್ಲಿನ್ ಲ್ಯಾಬಿನಲ್ಲಿ ರಕ್ತ ಕೊಟ್ಟು ತಿರುಗಿ ನೋಡಿದರೆ ಅಪ್ಪ ಇರಲಿಲ್ಲ. ಉದಯಗಿರಿಯಲ್ಲಿ ಒಬ್ಬರು ಅರ್ಜೆಂಟಾಗಿ ಪಾಲಿಸಿ ಮಾಡಿಸಬೇಕೆಂದು ಫೋನ್ ಮಾಡಿದ್ದರಂತೆ. ಆ ಫೋನು ಬಂದದ್ದನ್ನು ಯಾರೂ ಕೇಳಿರಲಿಲ್ಲ.

ಮಂಗಳವಾರ ಸ್ಕೂಟರಿನ ಕೀ ರೋಸ್ಲಿನ್ ಕೈಯಲ್ಲಿತ್ತು. ತನ್ನ ರಿಪೋರ್ಟು ತರಲು ಹೋಗುವಾಗ ಅಪ್ಪನನ್ನೂ ಎಬ್ಬಿಸಿ, ಟೀ ಕೂಡ ಕೊಡದೆ, ಕರೆದುಕೊಂಡು ಹೊರಟಳು. ಲ್ಯಾಬಿನ ಯೋಗೇಂದ್ರ ಕ್ಲೆಮೆಂಟರನ್ನು ನೋಡಿ ಎದ್ದು ನಿಂತರು. ಇಪ್ಪತ್ತು ವರ್ಷದಿಂದ ವಿಮೆಯ ಪರೀಕ್ಷೆಗೆಂದು ಜನರನ್ನು ಕರೆತಂದು ಬಾಗಿಲಲ್ಲೇ ಬಿಟ್ಟು ಹೋಗುತ್ತಿದ್ದವರು ಇವರು.

"ಸಾರ್, ಇವತ್ತು ಯಾರನ್ನ ಕರ್ಕೊಂಡ್ ಬಂದ್ರಿ?"

"ನಾನು ಕರ್ಕೊಂಡ್ ಬಂದಿದೀನಿ ಅಂಕಲ್," ಎಂದಳು ರೋಸ್ಲಿನ್.

ಕುರ್ಚಿಯ ಮೇಲೆ ಕೂತ ಕ್ಲೆಮೆಂಟರಿಗೆ ಸುತ್ತ ಏಳೆಂಟು ಜನ ಕಾದು ಕೂತಿರುವುದು ಕಂಡಿತು. ಜನ ಕಂಡ ಕೂಡಲೇ ಹಳೆಯ ಧೈರ್ಯ ಅರ್ಧದಷ್ಟು ವಾಪಸು ಬಂತು. ತೋಳು ಮಡಚಿ ಕೈ ಚಾಚಿದರು. ಹದಿನಾರರ ಮಕ್ಕಳಿಗೂ ಈಗ ಸಕ್ಕರೆ ಏರುತ್ತಿದೆ, ಬಿಸಿಲಿಗೆ ಹೋಗಬೇಕು ಆದರೆ ಇಪ್ಪತ್ತೇ ನಿಮಿಷ, ಮಕ್ಕಳ ಜೊತೆ ದೊಡ್ಡವರೂ ಪರೀಕ್ಷೆ ಮಾಡಿಸಿಕೊಳ್ಳಬೇಕು, ಹೆದರಬಾರದು ಎಂದು ಎಲ್ಲರಿಗೂ ಕೇಳುವಂತೆ ಹೇಳತೊಡಗಿದರು. ಹೇಳುತ್ತ ಹೇಳುತ್ತಲೇ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದರು. ತೋಳಿಗೆ ತಣ್ಣಗೆ ಏನೋ ತಾಗಿತು.

"ನೋಡಿ," ಎಂದರು, ಕಣ್ಣು ಬಿಡದೆ. "ಆಗೇ ಹೋಯ್ತು. ಇರುವೆ ಕಚ್ಚಿದಷ್ಟೂ ನೋವಿಲ್ಲ."

"ಸಾರ್, ಈಗ ಸ್ಪಿರಿಟ್ ಹತ್ತಿ ಒರೆಸಿದ್ದು ಅಷ್ಟೇ," ಎಂದರು ಯೋಗೇಂದ್ರ. "ಸೂಜಿ ಇನ್ನು ಮೇಲೆ."

ಕ್ಲೆಮೆಂಟ್ ಕಣ್ಣು ಬಿಟ್ಟರು. ಸೂಜಿ ನೋಡಿದರು. ಅದಾದ ಮೇಲೆ ಅವರಿಗೆ ನೆನಪಿರುವುದು ಲ್ಯಾಬಿನ ಬೆಂಚಿನ ಮೇಲೆ ಉದ್ದಕ್ಕೆ ಮಲಗಿದ್ದು, ಮುಖಕ್ಕೆ ತಂಪಾಗಿ ಗಾಳಿ ಬರುತ್ತಿದ್ದದ್ದು. ರೋಸ್ಲಿನ್ ಪಕ್ಕದಲ್ಲಿ ಮಂಡಿಯೂರಿ ಕೂತು ಒಂದು ಕಾಗದದಿಂದ ಬೀಸುತ್ತಿದ್ದಳು. ಅವಳ ಕಣ್ಣಲ್ಲಿ ನೀರಿತ್ತು, ಮುಖ ಮಾತ್ರ ನಗುತ್ತಿತ್ತು.

"ಏನಮ್ಮ ಅದು?"

"ನನ್ನ ರಿಪೋರ್ಟು ಅಪ್ಪ. ಸಕ್ಕರೆ ತೊಂಬತ್ತನಾಲ್ಕು. ಡಿ ಮೂವತ್ತೆರಡು."

ಕ್ಲೆಮೆಂಟ್ ಮಗಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಸುತ್ತ ಕೂತಿದ್ದವರ ಕಡೆ ಒಮ್ಮೆ ಹೆಮ್ಮೆಯಿಂದ ನೋಡಿ, ಆಮೇಲೆ ಮೆಲ್ಲಗೆ ಕೇಳಿದರು:

"ಮತ್ತೆ ನನ್ನದು ಎಷ್ಟು ಬಂತು?"

"ನಿಮ್ಮದು ಇನ್ನೂ ತೆಗೆದೇ ಇಲ್ಲ ಅಪ್ಪ. ಎದ್ದೇಳಿ."